ಮುತ್ಯಾನ ಪಾಳಿ

ಒದ್ದೆ ಕಂಬಳಿಯ ವಾಸನೆ ಗೊತ್ತಿದ್ದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಅದರಲ್ಲಿ ಅರ್ಧ ಕುರಿ ಇರುತ್ತದೆ, ಇನ್ನರ್ಧ ಹುಣಸೆ ಬೀಜ. ಮಗ್ಗಕ್ಕೆ ಏರಿಸುವ ಮುಂಚೆ ಉಣ್ಣೆಯ ನೂಲಿಗೆ ಹುಣಸೆ ಬೀಜದ ಗಂಜಿ ಬಳಿಯುತ್ತಿದ್ದರು. ನೂಲು ಬಿರುಸಾಗಲಿ, ಮಳೆ ಒಳಗಿಳಿಯದಿರಲಿ ಎಂದು. ಒಣಗಿದ್ದಾಗ ಕಂಬಳಿ ಸುಮ್ಮನೆ ಕಂಬಳಿಯಾಗಿರುತ್ತದೆ. ನೀರು ಬಿದ್ದರೆ ಮಾತ್ರ ತಾನು ಯಾರ ಮನೆಯಲ್ಲಿ ಹುಟ್ಟಿದ್ದು, ಯಾರ ಕೈಯಲ್ಲಿ ಬೆಳೆದದ್ದು ಎಂಬುದನ್ನೆಲ್ಲ ಹೇಳಲು ಶುರು ಮಾಡುತ್ತದೆ. ಹೋದ ಮಳೆಗಾಲದಲ್ಲಿ ನನ್ನ ಸೊಸೆ ಟ್ರಂಕಿನ ತಳದಲ್ಲಿದ್ದ ಹಳೆಯ ಕಂಬಳಿಯೊಂದನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ ಮರೆತಳು. ಮಧ್ಯಾಹ್ನ ಶಹಾಪುರದ ಗುಡ್ಡದ ಕಡೆಯಿಂದ ದಡಬಡ ಮಳೆ ಬಂತು. ಕಂಬಳಿಯನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಕೆಳಗಿಳಿದು ಬಂದು, "ಅತ್ತಿ, ಇದೇನ್ರಿ ಇದು, ಇಷ್ಟು ನಾತ ಹೊಡ್ಯಾಕತ್ತೈತಿ" ಎಂದಳು. "ನಾತ ಅನಬ್ಯಾಡವ್ವ," ಎಂದೆ, "ಅದು ನನ್ನ ತವರಮನಿ. ನನ್ನ ನೋಡಾಕ ಬಂದೈತಿ. ಒಂದ್ ಚರಗಿ ನೀರು ಕೊಟ್ಟು ಒಳಗ ಕರಿ." ಅವಳು ನಕ್ಕಳು. ನಾನೂ ನಗಬೇಕೆಂದಿದ್ದೆ, ಆದರೆ ಅಷ್ಟರಲ್ಲಿ ಇಡೀ ಮನೆಯೊಂದು, ಬಾಗಿಲು, ಪಡಸಾಲೆ, ಕುರಿಮರಿಗಳ ಸಮೇತ ಮೂಗಿನೊಳಗೆ ಬಂದು ಕೂತುಬಿಟ್ಟಿತ್ತು.

ನನ್ನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಬೇರೆಯವರ ಬಾಯಿಂದ ಕೇಳುವುದು ಬೇಡ. ನನ್ನ ಹೆಸರು ಮಾಳಮ್ಮ, ತವರಿನಲ್ಲಿ ಮಾಳಿ. ಶಹಾಪುರ, ಸುರಪುರ, ಯಾದಗಿರಿ ಮೂರನ್ನೂ ಸೇರಿಸಿ ಲೆಕ್ಕ ಹಾಕಿದರೂ ಸುಳ್ಳು ಹೇಳುವುದರಲ್ಲಿ ನನ್ನದು ಮೂರನೆಯ ಸ್ಥಾನ. ಮೊದಲ ಇಬ್ಬರು ತೀರಿಕೊಂಡು ಬಹಳ ಕಾಲವಾಯಿತು, ಆದರೂ ಅವರ ಜಾಗಕ್ಕೆ ಏರಲು ನನಗೆ ಮನಸ್ಸಿಲ್ಲ. ಹೆದರಬೇಡಿ, ನಾನು ಹೇಳುವುದು ಮನೆ ಮುರಿಯುವ ಸುಳ್ಳಲ್ಲ. ಯಾವ ಮಾತು ಎಲ್ಲಿ ಹುಟ್ಟಿತು, ಯಾರ ಬಾಯಲ್ಲಿ ಹುಟ್ಟಿತು ಎಂಬ ಸುಳ್ಳು. ನನ್ನ ಅಳಿಯ ಯಾದಗಿರಿಯಲ್ಲಿ ಮೇಷ್ಟ್ರಾಗಿದ್ದವನು. ಮದುವೆಯಾದ ಹೊಸದರಲ್ಲಿ, ಅಳಿಯನ ತಲೆ ಎಷ್ಟು ಗಟ್ಟಿ ಇದೆ ನೋಡೋಣವೆಂದು ಒಂದು ಮಾತಿನ ಹುಟ್ಟು ಹೇಳಿದೆ. ಅವನು ಅದನ್ನು ಹುಡುಗರಿಗೆ ಪಾಠ ಮಾಡಿದ. ಆ ಹುಡುಗರಲ್ಲೊಬ್ಬ ಈಗ ತಾನೂ ಮೇಷ್ಟ್ರಾಗಿ ಅದನ್ನೇ ಹೇಳುತ್ತಿದ್ದಾನಂತೆ. ನಾನು ತಿದ್ದಲು ಹೋಗಿಲ್ಲ. ಚಲೋ ಸುಳ್ಳಿಗೆ ಮಕ್ಕಳು ಮೊಮ್ಮಕ್ಕಳಾಗುತ್ತಿರುವಾಗ ನಡುವೆ ಅಡ್ಡ ಬರುವುದು ಯಾವ ಧರ್ಮ.

ಈ ವಿದ್ಯೆ ನನಗೆ ಬಂದದ್ದು ಮುತ್ಯಾ ಮತ್ತು ಆಯಿಯಿಂದ, ಅಂದರೆ ನನ್ನ ಅಪ್ಪನ ಅಪ್ಪ ಅವ್ವನಿಂದ. ನಮ್ಮದು ಕುರಿ ಸಾಕುವ ಮನೆ, ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯ ಮಗ್ಗುಲ ಹಳ್ಳಿಯಲ್ಲಿ. ಮಣ್ಣು ಮೆತ್ತಿದ ಸಪಾಟು ಚಾವಣಿಯ ಮಾಳಿಗೆ, ಕಲ್ಲಿನ ಗೋಡೆ. ಮುಂದಿನ ಅರ್ಧ ಮರಿಗಳದ್ದು, ಹಿಂದಿನ ಅರ್ಧ ನಮ್ಮದು, ನಡುವಿನ ಪಡಸಾಲೆ ಯಾರು ಮೊದಲು ಬಂದರೆ ಅವರದ್ದು. ಮಾಳಿಗೆಯ ಬೆಳಕಿಂಡಿಯಿಂದ ಪಡಸಾಲೆಗೆ ಬಿಸಿಲು ಕಂಬದ ಹಾಗೆ ಇಳಿಯುತ್ತಿತ್ತು. ಅದರೊಳಗೆ ಉಣ್ಣೆಯ ಸಣ್ಣ ಸಣ್ಣ ಎಳೆಗಳು ಮೇಲೆ ಹೋಗದೆ ಕೆಳಗೂ ಬೀಳದೆ ತೇಲುತ್ತಿದ್ದವು. ಬಿಸಿಲ ಕಂಬ ಗೋಡೆಗೆ ಸರಿಯುವ ಹೊತ್ತಿಗೆ ಮನೆಯವರೆಲ್ಲ ಕದರು ಹಿಡಿದು ಕೂರುತ್ತಿದ್ದರು. ಕದರು ಎಂದರೆ ಉಣ್ಣೆಯನ್ನು ಹೊಸೆದು ನೂಲು ಮಾಡುವ, ಬುಗುರಿಯ ಹಾಗೆ ತಿರುಗುವ ಕಡ್ಡಿ. ಎಡಗೈಯಲ್ಲಿ ಹಿಂಜಿದ ಉಣ್ಣೆಯ ಸುರುಳಿ, ಅದಕ್ಕೆ ಹಂಜಿ ಎನ್ನುತ್ತಿದ್ದೆವು, ಬಲಗೈಯಲ್ಲಿ ಕದರು. ಕೈಗೆ ಕೆಲಸವಿತ್ತು, ಬಾಯಿ ಖಾಲಿ ಇತ್ತು. ಖಾಲಿ ಬಾಯಿಗೆ ನಮ್ಮ ಮನೆಯಲ್ಲಿ ಒಂದು ಆಟವಿತ್ತು.

ಒಬ್ಬರು ಒಂದು ಮಾತು ಕೊಡಬೇಕು. ದೊಡ್ಡ ಮಾತಲ್ಲ, ದಿನಾ ಬಾಯಲ್ಲಿ ಓಡಾಡುವ ಮಾತು. ಯಾರ ಪಾಳಿಯೋ ಅವರು ಆ ಮಾತು ಹುಟ್ಟಿದ ಕಥೆಯನ್ನು ಆಗಿಂದಾಗಲೇ ಕಟ್ಟಿ ಹೇಳಬೇಕು. ಕೈಯಲ್ಲಿದ್ದ ಹಂಜಿ ಮುಗಿಯುವ ತನಕ ಕಥೆ ನಡೆಯಬೇಕು, ಕಥೆ ಮುಗಿಯುವ ತನಕ ಹೇಳುವವರ ನೂಲಾಗಲಿ ಕೇಳುವವರ ನೂಲಾಗಲಿ ಹರಿಯಬಾರದು. ಹಂಜಿ ಉಳಿದಿರುವಾಗಲೇ ಕಥೆ ತೀರಿದರೆ ಸೋತ ಹಾಗೆ. ಕೇಳಿದವರಿಗೆ ಇದು ಖರೆಯೇ ಇರಬಹುದು ಅನ್ನಿಸಿದರೂ ಸೋತ ಹಾಗೆ, ಯಾಕೆಂದರೆ ಖರೆ ಹೇಳುವುದಕ್ಕೆ ಯಾವ ದೊಡ್ಡ ಬುದ್ಧಿ ಬೇಕು. ಸೋತವರು ಒಳ್ಳಿನಲ್ಲಿ, ಅಂದರೆ ಒರಳಿನಲ್ಲಿ, ಹುಣಸೆ ಬೀಜ ಕುಟ್ಟಬೇಕು. ಹುರಿದ ಹುಣಸೆ ಬೀಜವನ್ನು ಎಂದಾದರೂ ಕುಟ್ಟಿದ್ದೀರಾ. ಬಂದೂಕಿನ ಗುಂಡಿಗೆ ಅದಕ್ಕಿಂತ ಮೆತ್ತಗಿನ ಸ್ವಭಾವವಿರುತ್ತದೆ. ಅಪ್ಪನಿಗೆ ಈ ಆಟದ ರುಚಿ ಇರಲಿಲ್ಲ, ಅವ್ವ ಬರೀ ನಗುತ್ತಿದ್ದಳು. ಕಣದಲ್ಲಿ ಇರುತ್ತಿದ್ದವರು ಮುತ್ಯಾ ಮತ್ತು ಆಯಿ, ಇಬ್ಬರೇ.

ಮುತ್ಯಾನದು ಉದ್ದ ಕಥೆ. ಒಮ್ಮೆ ಆಯಿ ಅವನಿಗೆ ಗಡಿಯಾರ ಎಂಬ ಮಾತು ಕೊಟ್ಟಳು. ಆಗ ನಮ್ಮೂರಲ್ಲಿ ಗಡಿಯಾರವಿರಲಿಲ್ಲ. ಶಹಾಪುರದ ಕಚೇರಿಯ ಗೋಡೆಯ ಮೇಲೆ ಒಂದಿತ್ತು, ಹೋಗಿ ಬಂದವರು ಅದರ ಸುದ್ದಿ ಹೇಳುತ್ತಿದ್ದರು. ಮುತ್ಯಾ ಕದರನ್ನು ತೊಡೆಯ ಮೇಲೆ ತಿರುವಿ ಬಿಟ್ಟು ಶುರು ಮಾಡಿದ. ಇಬ್ಬರು ದೊರೆಗಳು ಹೊಲದ ಅಂಚಿಗಾಗಿ ಜಗಳಾಡಿದರಂತೆ. ತೀರ್ಮಾನ ಮಾಡಲು ಒಬ್ಬ ಗಿಡ್ಡನನ್ನೂ ಒಬ್ಬ ಲಂಬುವನ್ನೂ ಕಳಿಸಿದರಂತೆ, ಹೊಲ ಸುತ್ತಿ ಬರಲಿ, ಎಲ್ಲಿ ಕೂಡುತ್ತಾರೋ ಅದೇ ಅಂಚು ಎಂದು. ಗಿಡ್ಡನದು ಮೆಲ್ಲನೆ ನಡಿಗೆ, ಲಂಬುವಿನದು ಓಟ. ಒಂದೊಂದು ಸುತ್ತಿಗೆ ಒಂದೊಂದು ಕಡೆ ಕೂಡುತ್ತಾರೆ, ಕೂಡಿದಾಗಲೆಲ್ಲ ಒಬ್ಬರ ಮುಖ ಒಬ್ಬರು ನೋಡಿ "ಗಡಿ ಯಾರ್ದು" ಎಂದು ಕೇಳುತ್ತಾರೆ. ಉತ್ತರ ಸಿಕ್ಕಿಲ್ಲ. ದೊರೆಗಳು ಸತ್ತರು, ಹೊಲ ಹೋಯಿತು, ಇವರು ಮಾತ್ರ ಇನ್ನೂ ಕಚೇರಿಯ ಗೋಡೆಯ ಮೇಲೆ ಸುತ್ತುತ್ತಲೇ ಇದ್ದಾರೆ. ಅಲ್ಲಿಗೆ ಸರಿಯಾಗಿ ಹಂಜಿ ಮುಗಿಯಿತು.

ಆಯಿ ಮೂಗಿಗೆ ನಸ್ಯ ಏರಿಸಿದಳು. ಅವಳಿಗೆ ಮುಂದಿನ ಒಂದು ಹಲ್ಲು ಇರಲಿಲ್ಲ, ಆ ಸಂದಿಯಿಂದ ಮಾತು ಸ್ವಲ್ಪ ಗಾಳಿ ಕುಡಿದೇ ಹೊರಗೆ ಬರುತ್ತಿತ್ತು. "ಮಾಳಿ ಮುತ್ಯಾ, ನೀವು ದೊಡ್ಡ ಮಂದಿ, ದೊರಿಗೋಳ ಸುದ್ದಿ ಹೇಳ್ತೀರಿ. ನಂದು ಬರೇ ಕುರಿ ಸುದ್ದಿ" ಎಂದು, ಮುತ್ಯಾ ಕೊಟ್ಟ ಕುರ್ಚಿ ಎಂಬ ಮಾತನ್ನು ಎತ್ತಿಕೊಂಡಳು. ಹೈದರಾಬಾದಿನಿಂದ ಕುರಿ ಎಣಿಸಲು ಒಬ್ಬ ಸಾಹೇಬ ಬಂದನಂತೆ. ಕೂರಲು ಏನೂ ಇರಲಿಲ್ಲ. ಹಟ್ಟಿಯಲ್ಲಿ ದಪ್ಪನೆಯ ಒಂದು ಕುರಿಯ ಬೆನ್ನ ಮೇಲೇ ಕೂತು ಹಾಜರಿ ತೆಗೆದುಕೊಂಡನಂತೆ. ಕುರಿ ಮರ್ಯಾದಸ್ಥ ಕುರಿ, ಬಹಳ ಹೊತ್ತು ತಡೆದುಕೊಂಡಿತು. ಆಮೇಲೆ ಅದಕ್ಕೂ ಅದರದೇ ಅವಸರವಿರುತ್ತದಲ್ಲ. ಸಾಹೇಬನ ಬೂಟಿನೊಳಗೆ ಬೆಚ್ಚಗಾಯಿತು. ಕೆಳಗೆ ನೋಡಿದ, "ಕುರಿ, ಛೀ" ಎಂದ. ಮರುದಿನ ಊರವರು ನಾಲ್ಕು ಕಾಲಿನ, ಆದರೆ ಏನೂ ಮಾಡದ ಒಂದು ಕಟ್ಟಿಗೆಯ ಕುರಿ ಮಾಡಿಸಿ ಕೊಟ್ಟರು. ಹೆಸರು ಮಾತ್ರ ಹಳೆಯದೇ ಉಳಿಯಿತು. ಮುತ್ಯಾ ನಗು ತಡೆಯಲಾರದೆ ನೂಲು ಹರಿದುಕೊಂಡ. ಆ ದಿನ ಹುಣಸೆ ಬೀಜ ಕುಟ್ಟಿದ್ದು ಅವನೇ. ಅಂಥ ಸೋಲು ಅವನಿಗೆ ಹೊಸದಲ್ಲ. ತಾಸಿಲ್ದಾರ ಎಂದರೆ, ಬಾಗಿಲಲ್ಲಿ ಕಾದು ಕೂತವರ ತಾಸು ಯಾರಿಗೆ ಲೆಕ್ಕಕ್ಕೇ ಇಲ್ಲವೋ ಆ ತಾಸು ಇಲ್ದವರು ಎಂದದ್ದೂ ಆಯಿಯೇ. ಅಳಿಯನಿಗೆ ನಾನು ಹೇಳಿದ್ದು ಕುರ್ಚಿಯದು. ತಾಸಿಲ್ದಾರನದು ಹೇಳಿದ್ದರೆ ಅವನ ನೌಕರಿಗೆ ಸಂಚಕಾರ ಬರುತ್ತಿತ್ತು.

ಅವರಿಬ್ಬರೂ ಒಬ್ಬರನ್ನೊಬ್ಬರು ಕರೆಯುತ್ತಿದ್ದುದು ನನ್ನ ಹೆಸರಿನಿಂದ. ಅವಳು "ಮಾಳಿ ಮುತ್ಯಾ" ಅನ್ನುತ್ತಿದ್ದಳು, ಅವನು "ಏ ಮಾಳಿ ಆಯಿ" ಅನ್ನುತ್ತಿದ್ದ. ಗಂಡ ಹೆಂಡಿರು ಹೆಸರು ಹಿಡಿದು ಕರೆಯುವ ರೂಢಿ ನಮ್ಮ ಕಡೆ ಇರಲಿಲ್ಲ. ನಾನು ಹುಟ್ಟುವ ಮುಂಚೆ ಪಾಪ ಹೇಗೆ ಸಂಸಾರ ಮಾಡಿದರೋ, ನನಗಂತೂ ಆಗ ಅದೇ ಚಿಂತೆ.

ಆಮೇಲೆ ಗಲಾಟೆಯ ವರ್ಷ ಬಂತು. ನಮ್ಮವರು ಅದಕ್ಕೆ ಹಾಗೆಯೇ ಹೆಸರಿಟ್ಟಿದ್ದರು. ನಿಜಾಮನ ರಾಜ್ಯದ ಕೊನೆಗಾಲ. ರಜಾಕಾರರ ಭಯಕ್ಕೆ ಹಳ್ಳಿ ಹಳ್ಳಿಯೇ ಗಂಟು ಕಟ್ಟಿಕೊಂಡು ಹೊಳೆ ದಾಟಿ ಮುಂಬಯಿ ಸರ್ಕಾರದ ಸೀಮೆಗೆ ಹೋಗುತ್ತಿತ್ತು. ನನಗೆ ಹಾಲುಹಲ್ಲು ಬೀಳುವ ವಯಸ್ಸು. ಕುರಿಗಳಲ್ಲಿ ಒಂದಿಷ್ಟನ್ನು ಬೀಗರ ಹಟ್ಟಿಗೆ ಹೊಡೆದು, ಉಳಿದವನ್ನು ನಮ್ಮೊಂದಿಗೆ ಹರಿಗೋಲಿಗೆ ಏರಿಸಿದರು. ಹೊಳೆ ತುಂಬಿತ್ತು. ನಡುನೀರಿನಲ್ಲಿ ಹರಿಗೋಲು ಗರಗರ ತಿರುಗತೊಡಗಿದಾಗ ಮರಿಗಳು ಅರಚಿದವು, ಅವುಗಳನ್ನು ನೋಡಿ ನಾನು ಅರಚಿದೆ, ನನ್ನನ್ನು ನೋಡಿ ಇನ್ನುಳಿದ ಮಕ್ಕಳು. ಅವ್ವ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದಳು. ಆಯಿ ಮಾತ್ರ ಕಂಬಳಿ ಹೊದ್ದು ನಟ್ಟನಡುವೆ ಕೂತು, "ಏ ಮಾಳಿ, ಹರಿಗೋಲು ಅನ್ನೋ ಮಾತು ಹೆಂಗ ಹುಟ್ಟಿತು ಗೊತ್ತೈತೇನು" ಎಂದು ಕೇಳಿದಳು. ಹರಿದೇವರು ಭೂಮಿಯನ್ನು ಗೋಲ್ ಮಾಡಿದ, ಸೂರ್ಯನನ್ನು ಗೋಲ್ ಮಾಡಿದ, ಚಂದ್ರನನ್ನೂ ಮಾಡಿದ. ಕೈಗೆ ಗೋಲ್ ಮಾಡುವುದೇ ರೂಢಿಯಾಗಿಬಿಟ್ಟಿತು. ಆಗ ಹೊಳೆ ದಾಟುವವರು ಬಂದು, ದೇವರೇ ನಮಗೊಂದು ದೋಣಿ ಕೊಡು, ಉದ್ದಕ್ಕೆ ಇರಲಿ, ನೆಟ್ಟಗೆ ಹೋಗಲಿ ಎಂದರು. ಹರಿ ಕೂತು ಮಾಡಿದ. ನೋಡಿದರೆ ಅದೂ ಗೋಲ್. "ನೆಟ್ಟಗ ಹೋಗಂಗಿಲ್ಲ, ಆದರ ಮುಳುಗಂಗಿಲ್ಲ. ತಿರುಗ್ಯಾಡಿ ದಂಡಿಗಿ ಹೋಗ್ರಿ ಅಂದ, ಹರಿ" ಎಂದು ಮುಗಿಸಿದಳು. ಹುಟ್ಟು ಹಾಕುತ್ತಿದ್ದ ಅಂಬಿಗ ನಕ್ಕು, "ಯವ್ವಾ, ನಾಳಿಂದ ನೀನ ನನ್ನ ಜೋಡಿ ಬಾ, ಮಂದಿ ಅಳಾದು ನಿಂದರತೈತಿ" ಎಂದ. ಅವಳ ಕೈಯಲ್ಲಿ ಆಗ ಕದರು ಇರಲಿಲ್ಲ. ಅದೊಂದು ಕಥೆ ಮಾತ್ರ ನೂಲಿಲ್ಲದೆ ಹೇಳಿದ್ದು.

ಆಚೆ ದಡದಲ್ಲಿ ಬೇವಿನ ಮರಗಳ ಕೆಳಗೆ ಕಂಬಳಿಗಳನ್ನೇ ಗುಡಾರ ಕಟ್ಟಿಕೊಂಡು ಇದ್ದೆವು. ಮೇಲಿಂದ ಮೇಲೆ ಮಳೆ. ಕಂಬಳಿಯ ಆ ವಾಸನೆ ಹಗಲೂ ರಾತ್ರಿಯೂ ತಲೆಯ ಮೇಲೆಯೇ ಇರುತ್ತಿತ್ತು. ಆಯಿಗೆ ಚಳಿಜ್ವರ ಬಂತು. ನಾನು ಅವಳ ಕಾಲ ಬಳಿ ಮಲಗುತ್ತಿದ್ದೆ, ಜ್ವರದ ಬಿಸಿಗೆ ಬೆಚ್ಚಗಿರುತ್ತಿತ್ತು ಎಂದು. ಮಕ್ಕಳಿಗೆ ಎಷ್ಟು ಬುದ್ಧಿಯೋ ಅಷ್ಟೇ. ಒಂದು ಮುಂಜಾನೆ ಎದ್ದಾಗ ಆ ಕಾಲು ತಣ್ಣಗಿತ್ತು. ಹೆಚ್ಚು ಹೇಳುವುದಿಲ್ಲ. ಹೊಳೆಯ ಆಚೆಯ ಮಣ್ಣಿನಲ್ಲೇ ಅವಳನ್ನು ಇಟ್ಟೆವು. ಅಷ್ಟರಲ್ಲಿ ಹೈದರಾಬಾದಿನ ಕಡೆ ಸರ್ಕಾರ ಬದಲಾಯಿತೆಂಬ ಸುದ್ದಿ ಬಂತು, ಜನ ಹುರುಪಿನಿಂದ ತಿರುಗಿ ಹೊರಟರು, ನಾವೂ ಹೊರಟೆವು. ಎಲ್ಲರ ಬಾಯಲ್ಲೂ ಮಾತು, ಎಲ್ಲರಿಗೂ ಅವಸರ. ನಮ್ಮ ಹರಿಗೋಲಿನಲ್ಲಿ ಮುತ್ಯಾ ಬೆನ್ನು ಹಾಕಿ ಕೂತಿದ್ದ. ಅವನು ಆ ದಿನ ಮಾತಾಡಲಿಲ್ಲ. ಮರುದಿನವೂ ಆಡಲಿಲ್ಲ. ಮನೆಗೆ ಬಂದು ಮಾಳಿಗೆಯ ಹುಲ್ಲು ಕಿತ್ತೆವು, ಬಿದ್ದ ಗೋಡೆ ಕಟ್ಟಿದೆವು, ಬೀಗರ ಹಟ್ಟಿಯಿಂದ ಕುರಿಗಳನ್ನು ತಂದೆವು. ಮುತ್ಯಾ ಎಲ್ಲ ಕೆಲಸ ಮಾಡಿದ, ಮಾತು ಮಾತ್ರ ಆಡಲಿಲ್ಲ.

ಮೊದಮೊದಲು ದುಃಖ ಎಂದುಕೊಂಡರು. ಆಮೇಲೆ ಗಾಳಿ ಸೋಕಿದೆ ಎಂದು ಬೂದಿ ಹಚ್ಚಿಸಿದರು. ಅಪ್ಪ ಬಂಡಿ ಕಟ್ಟಿ ಶಹಾಪುರದ ದವಾಖಾನೆಗೂ ಕರೆದುಕೊಂಡು ಹೋದ. ಡಾಕ್ಟರು ಬಾಯಿ ತೆಗೆಸಿ ನೋಡಿ, "ನಾಲಿಗಿ ಚಲೋ ಐತಿ, ನನ್ನ ನಾಲಿಗಿಕಿಂತ ಚಲೋ ಐತಿ" ಎಂದರಂತೆ. ಮಾತು ಬಿಟ್ಟವನು ಮೆಲ್ಲಗೆ ಊಟವನ್ನೂ ಬಿಡತೊಡಗಿದ. ತಟ್ಟೆಯಲ್ಲಿ ಹಾಕಿದ ರೊಟ್ಟಿಯನ್ನು ಅರ್ಧ ಮುರಿದು ಉಳಿದರ್ಧ ಬುಟ್ಟಿಗೆ ಇಡುತ್ತಿದ್ದ. ಆಮೇಲೆ ಆ ಅರ್ಧದಲ್ಲೂ ಅರ್ಧ. ಅವನ ಭುಜದ ಎಲುಬು ಕಂಬಳಿಯ ಮೇಲಿಂದಲೂ ಕಾಣುತ್ತಿತ್ತು. ಒಂದು ಸಂಜೆ ಹಿತ್ತಿಲಲ್ಲಿ ಅಪ್ಪ ಅವ್ವನಿಗೆ ಹೇಳುವುದು ಕೇಳಿಸಿತು, "ನಮ್ಮವ್ವನ ಹಿಂದ ಹೊಂಟಾನ. ನಾವ್ಯಾರೂ ಹಿಡಿಯಾಕ ಆಗಂಗಿಲ್ಲ." ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮರಿಗಳ ಹಗ್ಗ ಬಿಚ್ಚುತ್ತಿದ್ದ ನಾನು ಹಾಗೆಯೇ ನಿಂತೆ. ಒಬ್ಬಳು ಹೋಗಿ ಆಗಿತ್ತು. ಇನ್ನೊಬ್ಬನನ್ನು ಕಳಿಸುವ ಮನಸ್ಸು ನನಗಿರಲಿಲ್ಲ.

ಇಲ್ಲಿಂದ ಮುಂದೆ ನನ್ನ ಪರಾಕ್ರಮ, ಜಂಬವೆನಿಸಿದರೆ ಅನ್ನಿಸಲಿ. ಡಾಕ್ಟರಿಗೂ ದೇವರಿಗೂ ಕಾಣದ್ದು ನನಗೆ ಕಂಡಿತು. ಮುತ್ಯಾ ಮಾತು ಬಿಟ್ಟಿದ್ದ, ಕೇಳುವುದನ್ನು ಬಿಟ್ಟಿರಲಿಲ್ಲ. ನಾನು ಅವನ ಎದುರು ಕೂತು ನನ್ನ ಪುಟ್ಟ ಕದರು ತಿರುಗಿಸುತ್ತ ಮಾತುಗಳ ಹುಟ್ಟು ಹೇಳತೊಡಗಿದೆ. ಮೊದಲು ಚಲೋ ಸುಳ್ಳುಗಳನ್ನೇ ಹೇಳಿದೆ. ಆಗ ಟೋಪಿ ಹಾಕಿದವರು ಊರಿಗೆ ಬಂದು ಹೊಸ ಸರ್ಕಾರ ಹೊಸ ಸರ್ಕಾರ ಎಂದು ಹೇಳಿಹೋಗುತ್ತಿದ್ದರು. ಸರ್ಕಾರ ಎಂದರೆ, ಕೇಳಲು ಹೋದಾಗ ಮೊದಲು ಸರಿ ಅನ್ನುವುದು, ಮನೆಗೆ ಬಂದಮೇಲೆ ಕಣ್ಣಿಗೆ ಖಾರ ಹಾಕುವುದು, ಸರಿ ಮತ್ತು ಖಾರ, ಎಂದೆ. ಹಲ್ಲು ಬೀಳುವ ವಯಸ್ಸಿನಲ್ಲಿ ಇಂಥದ್ದು ಕಟ್ಟಿದವಳನ್ನು ನೀವು ಬೇರೆ ಎಲ್ಲಿ ನೋಡಿದ್ದೀರಿ. ಮುತ್ಯಾನ ಮೀಸೆ ಸ್ವಲ್ಪ ಅಲುಗಿತು, ಕಣ್ಣು ಸಮಾಧಾನವಾಯಿತು, ಅಷ್ಟೇ. ಆಮೇಲೊಂದು ದಿನ ಕಥೆ ಸಿಗದೆ, ರಟ್ಟೆ ಎತ್ತಿ ಬಡಿಯುವುದರಿಂದ ರೊಟ್ಟಿ ಎಂದು ಹೇಳಿಬಿಟ್ಟೆ. ಮುತ್ಯಾ ಮುಖ ಕಿವುಚಿದ, ರೊಟ್ಟಿಯಲ್ಲಿ ಹರಳು ಸಿಕ್ಕಿದವನ ಹಾಗೆ. ಖರೆಯಾಗಬಹುದಾದ ಸುಳ್ಳು. ಅವನಿಗೆ ತಡೆಯಲಾಗಲಿಲ್ಲ, ತುಟಿ ಬಿಚ್ಚಿ ಮುಚ್ಚಿದ. ಅಂದೇ ನನಗೆ ದಾರಿ ಕಂಡಿತು. ಚಲೋ ಸುಳ್ಳು ಅವನನ್ನು ಮಲಗಿಸುತ್ತದೆ, ಕೆಟ್ಟ ಸುಳ್ಳು ಎಬ್ಬಿಸುತ್ತದೆ.

ಅಲ್ಲಿಂದ ನಾನು ಹೇಳಿದ ಸುಳ್ಳುಗಳನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಸಂತೆಗೆ ಸಂತೆ ಎನ್ನುವುದು ಎಲ್ಲರೂ ನಿಂತಿರುವುದರಿಂದ. ಬೆಕ್ಕಿಗೆ ಬೆಕ್ಕು ಎನ್ನುವುದು ಅದು ಬೇಕು ಬೇಕು ಅನ್ನುವುದರಿಂದ. ಒಂದಕ್ಕೂ ತಲೆಯಿಲ್ಲ, ಬಾಲವಿಲ್ಲ, ಗೇಣುದ್ದ ನೂಲಿಗೂ ಸಾಲುವುದಿಲ್ಲ. ಅವ್ವ ಒಳಗಿನಿಂದ, "ಮಾಳಿ, ಬಾಯಿ ಮುಚ್ಚಲೇ, ಮುತ್ಯಾನ ತಲಿ ತಿನಬ್ಯಾಡ" ಎಂದು ಬೈದಳು. ಅಪ್ಪ ಒಂದು ಪೆಟ್ಟನ್ನೂ ಕೊಟ್ಟ. ಮುತ್ಯಾನ ಕದರು ಒಮ್ಮೊಮ್ಮೆ ತಪ್ಪುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು, ಆದರೆ ಮಾತಿಲ್ಲ. ಊಟ ಮಾತ್ರ ಇಳಿಯುತ್ತಲೇ ಇತ್ತು. ಅಷ್ಟು ಹೊತ್ತಿಗೆ ಹೊಲಗಳಲ್ಲಿ ಜೋಳ ಹಾಲುಗಾಳು ಕಟ್ಟಿತ್ತು, ಅವನು ಗೋಡೆಗೆ ಒರಗದೆ ಕೂರಲಾರದವನಾಗಿದ್ದ.

ಒಂದು ಮಧ್ಯಾಹ್ನ ಬಿಸಿಲ ಕಂಬ ಇನ್ನೂ ಪಡಸಾಲೆಯ ನಡುವೆಯೇ ಇತ್ತು. ಅಪ್ಪ ಉಣ್ಣೆ ಹಿಂಜುತ್ತಿದ್ದ, ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಮುತ್ಯಾನ ಎದುರು ಕೂತು, "ಇವತ್ತಿಂದು ಕಂಬಳಿ" ಎಂದೆ. ಒಂದೇ ಉಸಿರಿಗೆ ಹೇಳಿದೆ: "ಕಂಬದ ಮ್ಯಾಲ ಒಂದು ಇಲಿ ಕುಂತು ಅಳತಿತ್ತು. ಕಂಬ, ಅಳು. ಕಂಬಳಿ. ಮುಗೀತು." ಮುತ್ಯಾ ಕಣ್ಣು ಮುಚ್ಚಿದ. ಆಗ ನನ್ನ ಬಾಯಿಂದ ಮುಂದಿನ ಮಾತು ಬಂತು, ಮೊದಲೇ ಯೋಚಿಸಿದ್ದಲ್ಲ. "ಇದು ನಂದಲ್ಲ, ಮುತ್ಯಾ. ಆಯಿ ಹೇಳಿದ್ದು. ಗುಡಾರದಾಗ ನನಗೊಬ್ಬಾಕಿಗೇ ಹೇಳಿದ್ಳು."

ಕದರು ಕೆಳಗೆ ಬಿದ್ದು ನಿಂತಿತು. "ಆಕಿದಲ್ಲ" ಎಂದ ಮುತ್ಯಾ.

ಎಷ್ಟೋ ದಿನ ಮುಚ್ಚಿದ್ದ ಬಾಗಿಲ ಕೀಲಿನ ಹಾಗಿತ್ತು ಆ ದನಿ. ಅಪ್ಪನ ಕೈ ಉಣ್ಣೆಯಲ್ಲಿಯೇ ಉಳಿಯಿತು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ನನಗೆ ಹೆದರಿಕೆಯಾಯಿತು, ಆದರೆ ಹಿಡಿದ ಹಗ್ಗ ಬಿಡುವ ಜಾತಿಯಲ್ಲ ನಾನು. "ಆಕೀದ" ಎಂದೆ.

"ಆಕಿ ಕಂಬಳಿಗಿ ಇಲಿ ತರ್ತಿದ್ಳೇನಲೇ," ಎಂದ ಮುತ್ಯಾ. "ಇಂಥಾ ಹಲ್ಕಾ ಸುಳ್ಳು ಆಕಿ ಹೆಸರಿಗಿ ಹಚ್ಚತೀ. ಆಕಿ ಇಡೀ ಜನ್ಮದಾಗ ಒಂದ್ ಕೆಟ್ಟ ಸುಳ್ಳು ಹೇಳಿದಾಕಿ ಅಲ್ಲ. ಗುಡಾರದಾಗ ಆಕಿ ನಿನಗೇನೂ ಹೇಳಿಲ್ಲ. ಕೇಳಿದ್ದು ನನ್ನ. ನನ್ನ ಪಾಳಿ ಇತ್ತು."

ಅವ್ವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲ ಬಳಿ ನಿಂತಳು. "ಏನ್ ಕೇಳಿದ್ರು, ಮಾವ" ಎಂದಳು, ಬಹಳ ಮೆಲ್ಲಗೆ, ಮೇಯುವ ಕುರಿಯ ಹತ್ತಿರ ಹೋಗುವಾಗ ಇರಬೇಕಾದಷ್ಟು ಮೆಲ್ಲಗೆ.

ಮುತ್ಯಾ ನಮ್ಮ ಯಾರ ಕಡೆಯೂ ನೋಡಲಿಲ್ಲ. ಅವತ್ತು ಗುಡಾರದಲ್ಲಿ ಒಲೆ ಹೊತ್ತಿರಲಿಲ್ಲ, ಕಟ್ಟಿಗೆ ನೆನೆದಿತ್ತು, ಹಿಂದಿನ ದಿನದಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಆಯಿ ಜ್ವರದಲ್ಲೇ ಕಣ್ಣು ತೆರೆದು, "ಮಾಳಿ ಮುತ್ಯಾ, ಬುತ್ತಿ ಅನ್ನೋ ಮಾತು ಹೆಂಗ ಹುಟ್ಟಿತು, ಹೇಳ್ರಿ, ನಿಮ್ಮ ಪಾಳಿ" ಎಂದಳಂತೆ. ಅವನಿಗೆ ಸಿಟ್ಟು ಬಂತು. "ಹೊಟ್ಟಿಗಿ ಕೂಳಿಲ್ಲ, ಬುತ್ತಿ ಹುಟ್ಟು ತಗೊಂಡು ಏನ್ ಮಾಡ್ಲಿ, ಸುಮ್ನ ಮಕ್ಕೊ" ಎಂದುಬಿಟ್ಟ. ಅವಳು ಸುಮ್ಮನೆ ಮಲಗಿದಳು. ಬೆಳಗ್ಗೆ ಏಳಲಿಲ್ಲ. ಇದಿಷ್ಟನ್ನು ಮುತ್ಯಾ ನಮಗೆ ಹೇಳಿದ್ದು ತುಂಡು ತುಂಡಾಗಿ, ನಡುವೆ ನಡುವೆ ನಿಂತು. "ಆಟದಾಗ ಎಂದೂ ಪಾಳಿ ತಪ್ಪಿಸಿದಾಂವ ಅಲ್ಲ ನಾ," ಎಂದ. "ಅದೊಂದು ತಪ್ಪಿಸಿದೆ."

ಅವ್ವ ಬಂದು ಕೆಳಗೆ ಬಿದ್ದಿದ್ದ ಕದರನ್ನು ಎತ್ತಿ, ಹೊಸದೊಂದು ಹಂಜಿ ಹಚ್ಚಿ ಅವನ ಕೈಗೆ ಕೊಟ್ಟಳು. ಎಂದೂ ಆಟಕ್ಕೆ ಇಳಿಯದವಳು ಅವಳು. "ಹಂಗಾದ್ರ ಈಗ ಹೇಳ್ರಿ" ಎಂದಳು. "ನಾ ಮಾತು ಕೊಡ್ತೀನಿ. ಬುತ್ತಿ."

ಅವನು ಹಂಜಿಯನ್ನು ಬೆರಳಲ್ಲಿ ಹಿಸುಕಿದ. ಆಮೇಲೆ ಕದರು ತಿರುಗಿತು.

"ಒಬ್ಬ ಕುರುಬ ಇದ್ದ. ಗುಡ್ಡದ ಮ್ಯಾಲ ಕುರಿ, ಕೆಳಗ ಊರು, ನಡುವ ಆಳೆತ್ತರ ಜ್ವಾಳ. ಹೆಣ್ತಿ ದಿನಾ ಹೊತ್ತೇರಿದ ಮ್ಯಾಲ ರೊಟ್ಟಿ ಗಂಟು ಕಟಗೊಂಡು ಬರ್ತಿದ್ಳು. ಆ ಗಂಟಿಗಿ ಆಗ ಹೆಸರಿರಲಿಲ್ಲ. ಜ್ವಾಳದಾಗ ಆಕಿ ಕಾಣ್ತಿರಲಿಲ್ಲ, ತಲಿ ಮ್ಯಾಲಿನ ಗಂಟಷ್ಟ ಕಾಣ್ತಿತ್ತು, ತೆನಿ ಮ್ಯಾಲ ತೇಲಿ ಬಂದಂಗ. ಇಂವಗ ಹಸಿವು. ನೋಡಿದ ಕೂಡ್ಲೆ ಖುಷಿಗಿ ಒದರಬೇಕು ಅನಸ್ತಿತ್ತು. ಹೆಣ್ತಿ ಹೆಸರು ಹಿಡಿಬಾರದು, ಊರ ಪದ್ಧತಿ. ಮತ್ತೇನಂತ ಒದರಬೇಕು. ಗಂಟು ನೋಡಿ ‘ಬಂತು ರೊಟ್ಟಿ’ ಅಂತ ಒದರಿದ. ದಿನಾ ಒದರಿದ. ಹಸಿದಾವನ ಬಾಯಾಗ ಮಾತು ಪೂರಾ ನಿಂದ್ರಂಗಿಲ್ಲ. ಒದರಿ ಒದರಿ ‘ಬಂತು ರೊಟ್ಟಿ’ ಸವದು ಬುತ್ತಿ ಆತು. ಊರ ಮಂದಿ ಹಂಗ ಕರದ್ರು."

ಅವನು ಅಲ್ಲಿಗೆ ನಿಂತ. ಕೈಯಲ್ಲಿ ಹಂಜಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಮುಗಿಯಿತೇನೋ ಎಂದುಕೊಂಡೆವು.

"ಬಿಸಿಲಾಗ ನಡದು ಬಂದಾಕಿ ನಾನು, ಇಂವಗ ಬಂದದ್ದು ರೊಟ್ಟಿ ಅಷ್ಟ, ಅಂತ ಆಕಿ ಒಂದಿನಾನೂ ಅನಲಿಲ್ಲ" ಎಂದ ಮುತ್ಯಾ. "ಯಾವಾಗರ ಒಂದ್ ಸಲ ಅನಬೇಕಾಗಿತ್ತು. ನಿಂಗಮ್ಮ ಬಂದ್ಳು ಅಂತ ಅನಬೇಕಾಗಿತ್ತು."

ಆಯಿಯ ಹೆಸರನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಪ್ಪ ಕೇಳಿದ್ದೂ ಅದೇ ಮೊದಲಂತೆ. ಪಡಸಾಲೆಯಲ್ಲಿ ಎಲ್ಲರೂ ಎದ್ದು ನಿಂತು ದಾರಿ ಬಿಡಬೇಕಾದ ಯಾರೋ ಬಾಗಿಲಿಗೆ ಬಂದ ಹಾಗಾಯಿತು. ಒಂದು ಮರಿ ಬಂದು ಅವನ ತೊಡೆಯ ಮೇಲಿನ ಉಣ್ಣೆಯನ್ನು ಮೂಸಿ ನೋಡಿತು. ಮುತ್ಯಾ ಕೈಯಲ್ಲಿ ಉಳಿದ ಹಂಜಿಯನ್ನು ಎತ್ತಿ ತೋರಿಸಿ, "ಉಳೀತು ನೋಡ್ರಿ" ಎಂದ. "ಸೋತೆ."

"ಸೋತ್ರಿ" ಎಂದಳು ಅವ್ವ. ಅವಳ ಕೆನ್ನೆಯ ಮೇಲೆ ಹಿಟ್ಟು ಹತ್ತಿ ಅದರ ಮೇಲೆ ನೀರು ಇಳಿಯುತ್ತಿತ್ತು. "ಹುಣಸಿ ಬೀಜ ಹುರದು ಇಟ್ಟೀನಿ. ಆದರ ಮಾವ, ಹೊಟ್ಟಿಯಾಗ ಕಸುವಿಲ್ದ ಕುಟ್ಟಾಕ ಆಗಂಗಿಲ್ಲ. ಮೊದಲ ಉಣ್ರಿ." ಬಿಸಿ ರೊಟ್ಟಿ ತಂದಿಟ್ಟಳು. ಅವನು ಮುರಿದು ಬುಟ್ಟಿಗೆ ಇಡಲಿಲ್ಲ. ಒಂದಾದ ಮೇಲೆ ಇನ್ನೊಂದು ಕೇಳಿದ. ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು ಹೋಗಿ, ಒಳ್ಳಿನ ಮುಂದೆ ಕೂತು ಬೀಜ ಕುಟ್ಟಿದ. ಸಂಜೆಯ ತನಕ ಆ ಸದ್ದು ಕೇಳುತ್ತಲೇ ಇತ್ತು. ಅವನು ಬೇಕೆಂದೇ ಅಷ್ಟು ಗಿಡ್ಡ ಕಥೆ ಹೇಳಿ ಆಯಿಗೆ ಗೆಲುವು ಬಿಟ್ಟುಕೊಟ್ಟನೋ, ಇಲ್ಲ ಅವನಲ್ಲಿ ಇದ್ದದ್ದೇ ಅಷ್ಟೋ, ಇಂಥ ವಿಷಯಗಳಲ್ಲಿ ಪಂಡಿತೆಯಾದ ನನಗೂ ಇವತ್ತಿನವರೆಗೆ ತಿಳಿದಿಲ್ಲ.

ಅವನು ಆಮೇಲೆ ಬಹಳ ವರ್ಷ ಬದುಕಿದ. ಹೈದರಾಬಾದಿನ ರಾಜ್ಯ ಹೋಗಿ ನಮ್ಮನ್ನು ಮೈಸೂರಿಗೆ ಸೇರಿಸಿದಾಗಲೂ ಇದ್ದ. ಆ ಸುದ್ದಿ ತಂದವನಿಗೆ, ನಮ್ಮ ಹೊಲದಿಂದ ಮೈಸೂರು ಕಾಣುತ್ತದೇನು, ಮಾಳಿಗೆ ಹತ್ತಿ ನೋಡಿ ಬಾ, ಎಂದು ಏಣಿ ಹತ್ತಿಸಿದ್ದ. ಮತ್ತೆ ಆಟವಾಡಿದ, ನನ್ನನ್ನು ನೂರು ಸಲ ಸೋಲಿಸಿದ, ನಾನೂ ಒಂದೆರಡು ಸಲ ಸೋಲಿಸಿದೆ. ಅವನು ಹೋದಮೇಲೆ ಅಪ್ಪ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ. ನಾನು ಮದುವೆಯಾಗಿ ಬಂದೆ. ಕೃಷ್ಣೆಗೆ ಕಟ್ಟೆ ಕಟ್ಟಿ ಕಾಲುವೆ ತಂದರು, ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು, ಕುರಿ ಮೇಯಲು ಜಾಗ ಉಳಿಯಲಿಲ್ಲ, ತಮ್ಮಂದಿರು ಮಾರಿಬಿಟ್ಟರು. ಮಾಳಿಗೆಯ ಮನೆ ಒಂದು ಮಳೆಗಾಲದಲ್ಲಿ ಕುಸಿಯಿತು. ಕಲ್ಲುಗಳನ್ನು ಯಾರು ಯಾರೋ ಒಯ್ದು ಎಲ್ಲೆಲ್ಲೋ ಕಟ್ಟಿಕೊಂಡರು. ಈಗ ಆ ಜಾಗದಲ್ಲಿ ಟ್ರಾಕ್ಟರು ನಿಲ್ಲುತ್ತದೆ. ಗದ್ದೆಯ ಭತ್ತ ಮೊಣಕಾಲಿನಷ್ಟೆತ್ತರ. ಯಾರು ಬಂದರೂ ದೂರದಿಂದಲೇ ಇಡೀ ಮನುಷ್ಯ ಕಾಣುತ್ತಾನೆ, ಆದ್ದರಿಂದ ಯಾರೂ ಯಾರನ್ನೂ ಕೂಗುವುದಿಲ್ಲ.

ಆ ಮಧ್ಯಾಹ್ನದ ನಂತರ, ಮೈಯಲ್ಲಿ ಕಸುವು ಬಂದಮೇಲೆ, ಮುತ್ಯಾ ಮತ್ತೆ ಕುರಿ ಹೊಡೆದುಕೊಂಡು ಗುಡ್ಡಕ್ಕೆ ಹೋಗತೊಡಗಿದ. ಬುತ್ತಿ ಒಯ್ಯುವ ಕೆಲಸ ನನ್ನದಾಯಿತು. ಜೋಳ ನನಗಿಂತ ಎರಡಾಳು ಎತ್ತರ. ಒಳಗೆ ಹೊಕ್ಕರೆ ಆಕಾಶವೂ ಸರಿಯಾಗಿ ಕಾಣುತ್ತಿರಲಿಲ್ಲ, ಗರಿಗಳು ಮುಖಕ್ಕೆ ಕೊಯ್ಯುತ್ತಿದ್ದವು, ತಲೆಯ ಮೇಲಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನಡೆಯುತ್ತಿದ್ದೆ. ಅವನಿಗೆ ನಾನು ಕಾಣುವ ಮಾತೇ ಇರಲಿಲ್ಲ. ತೆನೆಗಳ ತುದಿ ಅಲುಗುವುದು ಕಂಡಿರಬೇಕು. ಗುಡ್ಡದ ಮೇಲಿಂದ ಆ ಮುದಿ ಗಂಟಲು, ಹಸಿದಿದ್ದರೂ ರೊಟ್ಟಿಯ ಸುದ್ದಿ ಎತ್ತದೆ, ಬಂಡೆಯಿಂದ ಬಂಡೆಗೆ ಬಡಿದು ಕೇಳುವ ಹಾಗೆ ಕೂಗುತ್ತಿತ್ತು, "ಮಾಳಿ ಬಂದ್ಳೋ, ಮಾಳಿ ಬಂದ್ಳು." ನಾನು ಜೋಳದೊಳಗೆ ಯಾರ ಕಣ್ಣಿಗೂ ಬೀಳದೆ ನಡೆಯುತ್ತಿದ್ದೆ. ಮೇಲಿನಿಂದ ನನ್ನ ಹೆಸರು ಬರುತ್ತಿತ್ತು.